ಸಹಾಯ ಬೇಕು: ಗೋಲಿ ಸೋಡಾ ಬಾಟಲಿಯ ಕಾಲ ಕಂಡುಹಿಡಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ನಮ್ಮ ಹಳೇ ಬಾಟಲಿ ಸಂಗ್ರಹದ ಗುಂಪಿನ ಇತಿಹಾಸ ಬರೆಯಲು ಕೂತಿದ್ದೇನೆ. ಗುಂಪು ಶುರುವಾಗಿದ್ದೇ ಕಾಫಿ ತೋಟದ ಗುಂಡಿಯಲ್ಲಿ ಸಿಕ್ಕ ಒಂದು ಗೋಲಿ ಸೋಡಾ ಬಾಟಲಿಯಿಂದ. ತಿಳಿಹಸಿರು ದಪ್ಪ ಗಾಜು, ಮೈಮೇಲೆ ಇಂಗ್ಲಿಷಿನಲ್ಲಿ 'ಮರ್ಕೇರಾ' (ಮಡಿಕೇರಿಯ ಹಳೇ ಇಂಗ್ಲಿಷ್ ಹೆಸರು) ಅಂತ ಉಬ್ಬಕ್ಷರ. ಗೋಲಿ ಒಳಗೇ ಇದೆ, ಅಲ್ಲಾಡಿಸಿದರೆ ಟಣ್ ಅನ್ನುತ್ತದೆ.

ಈ ಮಾದರಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ. ಅದಕ್ಕಿಂತ ಹಳೆಯದಂತೂ ಅಲ್ಲ. ಆದರೆ ಗೋಲಿ ಸೋಡಾ ನಮ್ಮಲ್ಲಿ ಇವತ್ತಿಗೂ ಇದೆ ಅಲ್ವಾ! ಮರ್ಕೇರಾ ಅನ್ನೋ ಹೆಸರೂ ಸ್ವಾತಂತ್ರ್ಯದ ನಂತರ ಬಳಕೆಯಲ್ಲಿತ್ತು. ತಳದ ಗುರುತು ಸವೆದುಹೋಗಿದೆ. ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು.

ಅಚ್ಚಿನ ಗೆರೆ, ಅಂದರೆ ಅಚ್ಚಿನ ಭಾಗಗಳು ಕೂಡುವಲ್ಲಿ ಗಾಜಿನ ಮೇಲೆ ಮೂಡುವ ಗೆರೆ, ಬಾಯಿಯ ಕೆಳಗೇ ನಿಂತಿದೆ. ಮಾಮೂಲಿ ಬಾಟಲಿಯಾದರೆ ಬಾಯಿಯನ್ನು ಕೈಯಲ್ಲಿ ಮಾಡಿದ್ದಾರೆ ಅಂತ ಹೇಳಬಹುದಿತ್ತು. ಗೋಲಿ ಬಾಟಲಿಗೂ ಇದೇ ಲೆಕ್ಕ ಹಿಡಿಯಬಹುದಾ? 1947ಕ್ಕೆ ಮೊದಲಿನದೋ ನಂತರದ್ದೋ ಅಂತ ತಿಳಿಯಲು ಇನ್ನೇನು ನೋಡಬೇಕು?