ಕತೆಯ ಮೂಲಕ ಬಣ್ಣ, ಅಕ್ಷರ ಕಲಿಸಿದವರ ಅನುಭವ

ಕೇಳಿಕೆ: ನಾವು ಪುಣೆಯಲ್ಲಿದ್ದೇವೆ. ಮಗಳಿಗೆ ಮೂರೂವರೆ ವರ್ಷ. ಬಣ್ಣಗಳ ಹೆಸರನ್ನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಟ್ಟಿದ್ದಾರೆ. ಕನ್ನಡದಲ್ಲಿ ಕೇಳಿದರೆ ಕೆಂಪಿಗೆ ಹಸಿರು, ಹಸಿರಿಗೆ ಕೆಂಪು ಎನ್ನುತ್ತಾಳೆ. ಅಜ್ಜಿ ಕಲಿಸಿದ ಅಕ್ಷರಮಾಲೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾಳಾದರೂ ಪುಸ್ತಕದಲ್ಲಿ ಒಂದಕ್ಷರ ತೋರಿಸಿದರೆ ಗುರುತಿಸುವುದಿಲ್ಲ. ಕತೆ ಎಂದರೆ ಮಾತ್ರ ಊಟವನ್ನೂ ಬಿಟ್ಟು ಕೂರುತ್ತಾಳೆ. ಕತೆಯ ಮೂಲಕವೇ ಇವೆರಡನ್ನೂ ಕಲಿಸಿದವರು ದಯವಿಟ್ಟು ತಿಳಿಸಿ.

ಶಿವಮೊಗ್ಗದ ಶಿಶುವಿಹಾರದ ಶಿಕ್ಷಕಿ:

ಈ ವಯಸ್ಸಿಗೆ ಇದು ಸಹಜ, ಗಾಬರಿ ಬೇಡ. ಬಣ್ಣಗಳ ವ್ಯತ್ಯಾಸ ಹಸುಗೂಸಿನ ಕಣ್ಣಿಗೇ ಕಾಣುತ್ತದೆ. ತಡವಾಗುವುದು ಹೆಸರು ಮಾತ್ರ. ಬೆಕ್ಕು, ಚೆಂಡು ಎಂದರೆ ಬೆರಳು ಮಾಡಿ ತೋರಿಸಬಹುದು, ಆದರೆ ಟೊಮೆಟೊ, ಕುಂಕುಮ, ಸಾರಿಗೆ ಬಸ್ಸು ಈ ಮೂರಕ್ಕೂ ಒಂದೇ ಹೆಸರು ಏಕೆ ಸಲ್ಲುತ್ತದೆ ಎಂಬುದನ್ನು ಮಗು ತಾನಾಗಿಯೇ ಕಂಡುಕೊಳ್ಳಬೇಕಾಗುತ್ತದೆ.

ಕತೆಯಲ್ಲಿ ಬಣ್ಣ ಬರೀ ಅಲಂಕಾರಕ್ಕೆ ಬಂದರೆ ಪ್ರಯೋಜನವಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಂಪು ಪೇಟದ ರಾಜ, ಹಳದಿ ಅಂಗಿಯ ಮಂತ್ರಿ ಎಂದು ಹೇಳುತ್ತಾ ಹೋದರೆ ಮಗು ಅದನ್ನು ನೆನಪಿಡಲು ಕಾರಣವೇ ಇರುವುದಿಲ್ಲ. ಬಣ್ಣ ತಪ್ಪಿದರೆ ಕತೆಯೇ ಕೆಡಬೇಕು. ನಮ್ಮ ತರಗತಿಯಲ್ಲಿ ಹೇಳುವ ಗಿಳಿಮರಿಯ ಕತೆಯಲ್ಲಿ ಗಿಡುಗ ಹಾರಿ ಬರುತ್ತದೆ, ಗಿಳಿಮರಿ ಕೂಡಲೇ ಎಲ್ಲಾದರೂ ಅಡಗಬೇಕು. ಒಂದು ಕಡೆ ಎಲೆ ತುಂಬಿದ ಮಾವಿನ ಮರ, ಇನ್ನೊಂದು ಕಡೆ ಮೈತುಂಬ ಹೂ ಬಿಟ್ಟ ಗುಲ್‌ಮೊಹರ್. ಬಟ್ಟೆಯಲ್ಲಿ ಹೊಲಿದ ಹಸಿರು ಗಿಳಿಯನ್ನು ನಾನು ಬೇಕೆಂದೇ ಕೆಂಪು ಕಾಗದದ ಮೇಲೆ ಕೂರಿಸುತ್ತೇನೆ. ‘ಅಲ್ಲಿ ಬೇಡ ಟೀಚರ್, ಕಾಣ್ತದೆ!’ ಎಂದು ಇಡೀ ತರಗತಿ ಕೂಗುತ್ತದೆ. ‘ಹಾಗಾದರೆ ಎಲ್ಲಿ ಕೂರಲಿ?’ ಎಂದು ಕೇಳಿದಾಗ ‘ಹಸಿರಲ್ಲಿ’ ಎಂಬ ಮಾತು ಅವರ ಬಾಯಿಂದಲೇ ಬರುತ್ತದೆ. ಮಾತಾಡದ ಮಕ್ಕಳು ಬೆರಳು ತೋರಿಸಿದರೂ ಅದು ಉತ್ತರವೇ.

ಕೇಳುವ ಕ್ರಮವೂ ಮುಖ್ಯ. ಮಾಂಟೆಸ್ಸರಿ ಪದ್ಧತಿಯಲ್ಲಿ ಮೂರು ಮೆಟ್ಟಿಲುಗಳಿವೆ: ಮೊದಲು ‘ಇದು ಕೆಂಪು, ಇದು ಹಳದಿ’ ಎಂದು ಹೇಳುವುದು, ಆಮೇಲೆ ‘ಕೆಂಪು ಯಾವುದು, ಕೊಡು’ ಎನ್ನುವುದು, ಕೊನೆಗೆ ‘ಇದು ಯಾವ ಬಣ್ಣ?’ ಎಂದು ಕೇಳುವುದು. ಮನೆಗಳಲ್ಲಿ ಬಹಳಷ್ಟು ಜನ ಮೂರನೆಯದರಿಂದಲೇ ಆರಂಭಿಸುತ್ತಾರೆ. ಅದೇ ಪದ್ಧತಿಯ ಮೊದಲ ಬಣ್ಣದ ಪೆಟ್ಟಿಗೆಯಲ್ಲಿ ಕೆಂಪು, ಹಳದಿ, ನೀಲಿ ಈ ಮೂರರ ಜೋಡಿಗಳಷ್ಟೇ ಇರುತ್ತವೆ; ಆಕಾರ ಒಂದೇ, ಬಣ್ಣ ಮಾತ್ರ ಬೇರೆ. ಚನ್ನಪಟ್ಟಣದ ಅರಗಿನ ಬಣ್ಣದ ಮಣಿಗಳಲ್ಲಿ ಒಂದೇ ಅಳತೆಯವನ್ನು ಆರಿಸಿಕೊಂಡರೆ ಅದೇ ಕೆಲಸವಾಗುತ್ತದೆ. ಇನ್ನೊಂದು ವಿಷಯ, ‘ಕೆಂಪು ಚೆಂಡು ನೋಡು’ ಎನ್ನುವುದಕ್ಕಿಂತ ‘ಚೆಂಡು ನೋಡು, ಚೆಂಡು ಕೆಂಪಗಿದೆ’ ಎಂದರೆ ಮಕ್ಕಳು ಬೇಗ ಹಿಡಿಯುತ್ತಾರೆ. ವಸ್ತು ಮೊದಲೇ ಗೊತ್ತಾಗಿರುವುದರಿಂದ ಅವರ ಗಮನವೆಲ್ಲ ಬಣ್ಣದ ಮೇಲೆ ನಿಲ್ಲುತ್ತದೆ.

ಹೆಗ್ಗಡದೇವನಕೋಟೆಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು:

ನಾನು ಅಕ್ಷರದ ವಿಷಯ ಹೇಳುತ್ತೇನಮ್ಮ. ಅಕ್ಷರಮಾಲೆಯನ್ನು ಒಪ್ಪಿಸುವುದು ಹಾಡು ಹೇಳಿದ ಹಾಗೆ. ಅದರಿಂದ ನಾಲಿಗೆ ತಿದ್ದುತ್ತದೆ, ಕಣ್ಣಿಗೆ ಅಕ್ಷರದ ಪರಿಚಯವಾಗುವುದಿಲ್ಲ. ಕನ್ನಡದಲ್ಲಿ ಮೂಲಾಕ್ಷರಗಳು 49 ಇದ್ದರೂ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ, ಮೇಲೆ ಒತ್ತಕ್ಷರಗಳು ಬೇರೆ. ಸರಾಗವಾದ ಓದು ಪ್ರಾಥಮಿಕ ಶಾಲೆಯ ವರ್ಷಗಳಲ್ಲಿ ಬರುವಂಥದ್ದು, ಮೂರೂವರೆ ವರ್ಷಕ್ಕೆ ಅದನ್ನು ನಿರೀಕ್ಷಿಸುವುದು ಮಗುವಿಗೆ ಅನ್ಯಾಯ.

ಸರ್ಕಾರಿ ಶಾಲೆಗಳಲ್ಲಿ ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವ ನಲಿ ಕಲಿ ಪದ್ಧತಿ 1995ರಲ್ಲಿ ಆರಂಭವಾದದ್ದು ನಮ್ಮ ತಾಲೂಕಿನಲ್ಲೇ. ಅದರ ಒಂದನೇ ತರಗತಿಯಲ್ಲಿ ಅ, ಆ ಎಂಬ ಕ್ರಮವನ್ನು ಬಿಟ್ಟು ‘ರ, ಗ, ಸ, ದ, ಅ’ ಎಂಬ ಗುಂಪಿನಿಂದ ಕಲಿಸುವುದನ್ನು ನೀವು ನೋಡಿರಬಹುದು. ಆ ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲವೂ ಸಿಗುತ್ತವೆ, ಒಂದು ಕತೆಗೆ ಅಷ್ಟು ಸಾಕು: ಅರಸನ ಸರ ಮಾಸಿದ ಬಟ್ಟೆಯೊಳಗೆ ಸೇರಿ ಅಗಸನ ಮನೆಗೆ ಹೋಯಿತು, ಅರಮನೆಯಲ್ಲಿ ಹುಡುಕಾಟ ಶುರುವಾಯಿತು. ಮೊದಲು ಬಾಯಲ್ಲೇ ಹೇಳಿ, ‘ಅರಸ’ ಎಂದಾಗ ಮೂರು, ‘ಸರ’ ಎಂದಾಗ ಎರಡು ಚಪ್ಪಾಳೆ ತಟ್ಟಿಸಿ. ಮಾತು ತುಂಡಾಗುತ್ತದೆ ಎಂಬುದು ಕಿವಿಗೆ ತಿಳಿದ ಮೇಲೆ ದಪ್ಪಕ್ಷರದ ಕಾರ್ಡು ಇಡಿ, ಆ ಮಾತು ಬಂದಲ್ಲೆಲ್ಲ ನೀವು ನಿಲ್ಲಿಸಿ, ಕಾರ್ಡು ನೋಡಿ ಮಗುವೇ ಹೇಳಲಿ. ‘ಸ’ ಮತ್ತು ‘ರ’ ಕಾರ್ಡುಗಳನ್ನು ಅದಲು ಬದಲು ಮಾಡಿದ ಕೂಡಲೇ ಸರ ಹೋಗಿ ರಸವಾಗುತ್ತದೆ, ‘ಅರಸ’ದ ಮುಂದಿನ ‘ಅ’ ತೆಗೆದರೂ ರಸವೇ ಉಳಿಯುತ್ತದೆ. ಇದನ್ನು ತಾನೇ ಮಾಡಿ ನೋಡಿದ ಮಗುವಿಗೆ ಓದುವುದೆಂದರೇನು ಎಂಬುದು ಯಾರೂ ವಿವರಿಸದೆ ಅರ್ಥವಾಗುತ್ತದೆ. ಬರೆಸುವ ಅವಸರ ಬೇಡ. ಮರಳಿನಲ್ಲೋ ರಂಗೋಲಿ ಪುಡಿಯಲ್ಲೋ ಬೆರಳಾಡಿಸಲಿ.

ಮಸ್ಕತ್‌ನಲ್ಲಿರುವ ತಾಯಿ:

ನಮ್ಮ ಮನೆಯಲ್ಲೂ ಇಂಗ್ಲಿಷ್ ಹೆಸರೇ ಮೊದಲು ಬಂದಿತ್ತು. ಮಗ ‘ರೆಡ್’ ಎಂದರೆ ತಿದ್ದುವುದಿಲ್ಲ, ‘ಹೌದು ಕಂದ, ಕೆಂಪು’ ಎಂದು ಮಾತು ಮುಂದುವರಿಸುತ್ತೇವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮೊದಲ ಹಂತದವುಗಳಲ್ಲಿ ಪುಟಕ್ಕೆ ಒಂದೆರಡು ಚಿಕ್ಕ ವಾಕ್ಯಗಳಷ್ಟೇ. ಓದುವಾಗ ಸಾಲಿನ ಕೆಳಗೆ ಬೆರಳು ಸರಿಸುತ್ತೇನೆ, ಅದೇ ಪುಸ್ತಕ ಮತ್ತೆ ಬೇಕೆಂದರೆ ಅದನ್ನೇ ಓದುತ್ತೇನೆ. ಅಂಥ ಕತೆಗಳನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿಕೊಂಡು, ಕತೆಯಲ್ಲಿ ಹೇಳಿದ ಬಣ್ಣವನ್ನು ಅವನಿಂದಲೇ ತುಂಬಿಸುವುದು ನಮಗೆ ಬಹಳ ಉಪಯೋಗವಾಗಿದೆ.

ಶಿವಮೊಗ್ಗದ ಶಿಕ್ಷಕಿ ಮತ್ತೆ:

ಒಂದು ಮಾತು ಸೇರಿಸಬೇಕು. ಹೆಸರು ಕೇಳದೆ, ಒಂದೇ ಬಣ್ಣದ ಮಣಿಗಳನ್ನು ಒಟ್ಟಿಗೆ ಸೇರಿಸಲು ಮಗಳಿಗೆ ಕೊಟ್ಟು ನೋಡಿ. ಸರಿಯಾಗಿ ಸೇರಿಸಿದರೆ ಗೊಂದಲ ಹೆಸರಿನದ್ದಷ್ಟೇ. ಸೇರಿಸುವಾಗಲೂ ಕೆಂಪು, ಹಸಿರು ಪದೇ ಪದೇ ಬೆರೆತು ಹೋಗುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸುವುದು ಒಳ್ಳೆಯದು. ವಂಶದಿಂದ ಬರುವ ಈ ವರ್ಣಾಂಧತೆ ಗಂಡುಮಕ್ಕಳಲ್ಲಿ ಹೆಚ್ಚು, ಹೆಣ್ಣುಮಕ್ಕಳಲ್ಲಿ ವಿರಳ; ಆದರೂ ತಂದೆಗಾಗಲಿ ತಾಯಿಯ ತಂದೆಗಾಗಲಿ ಅದಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಿ.