ತ್ರೀ ಫೇಸ್ ಮಿಲ್ಲಿಂಗ್ ಮಷಿನ್ ಮನೆಯ ಕರೆಂಟಿನಲ್ಲಿ ತಿರುಗುತ್ತದೆ, ಆದರೆ ಲೋಹಕ್ಕೆ ಕಟ್ ಕೊಟ್ಟರೆ ನಿಲ್ಲುತ್ತದೆ

ಪ್ರಶ್ನೆ (ಮಹಾಲಕ್ಷ್ಮಿ ಲೇಔಟ್)

ನಮಸ್ಕಾರ. ಪೀಣ್ಯದಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಸಣ್ಣ ವರ್ಕ್‌ಶಾಪಿನಿಂದ ಕಳೆದ ತಿಂಗಳು ಹಳೆಯ ಟರೆಟ್ ಮಿಲ್ಲಿಂಗ್ ಮಷಿನ್ (ತಿರುಗುವ ಕಟರಿನಿಂದ ಲೋಹವನ್ನು ಕೆತ್ತುವ ಯಂತ್ರ) ಒಂದನ್ನು ಕೊಂಡು ತಂದೆ. ನಮ್ಮದು 30×40 ಸೈಟಿನ ಮನೆ, ಕಾರು ನಿಲ್ಲಿಸುವ ಜಾಗವೇ ನನ್ನ ವರ್ಕ್‌ಶಾಪು. ಸುಮಾರು ಒಂದು ಟನ್ ತೂಗುವ ಮಷಿನ್ನನ್ನು ಪೈಪುಗಳ ಮೇಲೆ ಉರುಳಿಸಿ ಗೇಟು ದಾಟಿಸಲು ನಾಲ್ವರಿಗೆ ಅರ್ಧ ದಿನ ಹಿಡಿಯಿತು. ಆವಿ ಎಂಜಿನ್ನಿನ ಒಂದು ಸಣ್ಣ ಮಾದರಿಯನ್ನು ಬೀಡಿನ (ಎರಕದ ಕಬ್ಬಿಣದ) ಸಿಲಿಂಡರಿನಿಂದ ಹಿಡಿದು ಕ್ರ್ಯಾಂಕಿನವರೆಗೆ ನಾನೇ ಮಾಡಬೇಕೆಂಬುದು ಬಹಳ ವರ್ಷಗಳ ಆಸೆ.

ಮನೆಗಿರುವುದು ಬೆಸ್ಕಾಂನ ಸಿಂಗಲ್ ಫೇಸ್ ಸಂಪರ್ಕವಾದ್ದರಿಂದ 1.5 ಕಿಲೋವ್ಯಾಟ್‌ನ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ, ಫ್ರೀಕ್ವೆನ್ಸಿ ಬದಲಿಸಿ ಮೋಟರಿನ ವೇಗ ಹೊಂದಿಸುವ ಪೆಟ್ಟಿಗೆ) ಹಾಕಿದ್ದೇನೆ. ಕಟರನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ಖಾಲಿ ತಿರುಗುವಾಗ ಸದ್ದಿಲ್ಲದೆ, ಎರಡೂ ದಿಕ್ಕಿಗೆ ಚೆನ್ನಾಗಿ ತಿರುಗುತ್ತದೆ. ಆದರೆ 63 ಮಿ.ಮೀ. ಫೇಸ್ ಮಿಲ್ (ಮೇಲ್ಮೈ ಸಮತಟ್ಟು ಮಾಡುವ ಕಟರ್) ಹಾಕಿ, 600 ಆರ್‌ಪಿಎಂನಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್) ತುಂಡಿಗೆ 2 ಮಿ.ಮೀ. ಆಳದ ಕಟ್ ಕೊಟ್ಟ ಕೂಡಲೇ ಮೋಟರ್ ಗುಂಯ್ ಎಂದು ಕುಗ್ಗಿ ನಿಂತುಬಿಡುತ್ತದೆ. ಪುಲ್ಲಿ ಮತ್ತು ಬೆಲ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ನೋಡಿದೆ, ಬೆಲ್ಟು ಜಾರುತ್ತಿಲ್ಲ. ಹಳೆಯ ಮಾಲೀಕರು ಇದೇ ಕಟರಿನಲ್ಲಿ ಇಷ್ಟೇ ಕಟ್ ಸಲೀಸಾಗಿ ತೆಗೆದು ತೋರಿಸಿದ ಮೇಲೆಯೇ ನಾನು ದುಡ್ಡು ಕೊಟ್ಟದ್ದು. ಮೋಟರ್ ರಿಪೇರಿಯವರೊಬ್ಬರು ವೈಂಡಿಂಗ್ ಹೋಗಿದೆ, ಪೂರ್ತಿ ಹೊಸದಾಗಿ ಸುತ್ತಬೇಕು ಎನ್ನುತ್ತಿದ್ದಾರೆ. ಇದರ ಜೊತೆಗೆ ಟೇಬಲ್ ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದಾಗ ಟೇಬಲ್ ಸರಿಯದೆ 0.55 ಮಿ.ಮೀ. ಖಾಲಿ ಹೋಗುತ್ತದೆ. ಯಾವುದನ್ನು ಮೊದಲು ನೋಡಲಿ?

ಉತ್ತರ (ರಾಜಾಜಿನಗರ)

ಸರ್, ಈಗಲೇ ಸುತ್ತಿಸಲು ಕೊಡಬೇಡಿ. ಮೋಟರಿನ ತಗಡಿನ ಮೇಲೆ ಏನು ಬರೆದಿದೆ, ಟರ್ಮಿನಲ್ ಬಾಕ್ಸಿನೊಳಗೆ ಎಷ್ಟು ವೈರುಗಳು ಬಂದಿವೆ, ಎರಡೆರಡು ವೈರುಗಳ ನಡುವೆ ಎಷ್ಟು ಓಮ್ ಬರುತ್ತದೆ ಎಂಬ ಮೂರು ವಿಷಯಗಳನ್ನು ತಿಳಿಸಿ. ಬಾಕ್ಸ್ ತೆರೆಯುವ ಮುನ್ನ ಮೇನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ವಿಎಫ್‌ಡಿಯೊಳಗಿನ ಕೆಪಾಸಿಟರುಗಳು ಕರೆಂಟು ಹೋದ ಮೇಲೂ ಸಾಕಷ್ಟು ಹೊತ್ತು 300 ವೋಲ್ಟಿಗಿಂತ ಹೆಚ್ಚನ್ನು ಹಿಡಿದಿಟ್ಟುಕೊಂಡಿರುತ್ತವೆ.

ಪ್ರಶ್ನೆ ಕೇಳಿದವರು

2 ಎಚ್‌ಪಿ, 415 ವೋಲ್ಟ್, 50 ಹರ್ಟ್ಸ್, 3.4 ಆಂಪಿಯರ್, 1410 ಆರ್‌ಪಿಎಂ, ಸ್ಟಾರ್ ಎಂದಿದೆ. ಬಾಕ್ಸಿಗೆ ಮೂರೇ ವೈರು ಬಂದಿವೆ. ಮೂರೂ ಜೋಡಿಗಳಲ್ಲಿ 9.4 ಓಮ್ ಬರುತ್ತದೆ.

ಉತ್ತರ (ರಾಜಾಜಿನಗರ)

ಮೂರೂ ಜೋಡಿಗಳು ಸಮನಾಗಿರುವುದರಿಂದ ವೈಂಡಿಂಗ್ ಸುಟ್ಟಿರುವ ಲಕ್ಷಣವಿಲ್ಲ. ತೊಂದರೆ ಇರುವುದು ವೋಲ್ಟೇಜಿನಲ್ಲಿ. ಸಿಂಗಲ್ ಫೇಸ್ 230 ವೋಲ್ಟ್ ಪಡೆಯುವ ಸಾಮಾನ್ಯ ವಿಎಫ್‌ಡಿ ಮೂರು ಫೇಸನ್ನು ಕೊಡುತ್ತದೆ ನಿಜ, ಆದರೆ ಆ ಫೇಸುಗಳ ನಡುವೆಯೂ 230 ವೋಲ್ಟೇ ಇರುತ್ತದೆ. ನಿಮ್ಮ ಮೋಟರು ಸ್ಟಾರ್ ಜೋಡಣೆಯಲ್ಲಿ (ಮೂರು ಸುರುಳಿಗಳ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಸೇರಿಸಿದ ಜೋಡಣೆ) 415 ವೋಲ್ಟನ್ನು ಬಯಸುತ್ತದೆ. ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ನಿಮಗೀಗ ಸಿಗುತ್ತಿರುವುದು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಖಾಲಿ ತಿರುಗಲು ಅಷ್ಟು ಸಾಕು, ಕಟ್ ತೆಗೆಯಲು ಸಾಲದು.

ಇದನ್ನು ಮೋಟರ್ ಬಿಚ್ಚದೆಯೇ ಖಚಿತಪಡಿಸಿಕೊಳ್ಳಬಹುದು. ವಿಎಫ್‌ಡಿಯಲ್ಲಿ ಬೇಸ್ ಫ್ರೀಕ್ವೆನ್ಸಿ (ವಿಎಫ್‌ಡಿ ತನ್ನ ಪೂರ್ತಿ ವೋಲ್ಟೇಜನ್ನು ಕೊಡುವ ಫ್ರೀಕ್ವೆನ್ಸಿ) 50 ಇರುತ್ತದೆ, ಅದನ್ನು 28 ಹರ್ಟ್ಸ್‌ಗೆ ಇಳಿಸಿ, ಮೋಟರನ್ನು 25 ಹರ್ಟ್ಸ್‌ನಲ್ಲಿ ಓಡಿಸಿ. 415 ವೋಲ್ಟಿಗೆ 50 ಹರ್ಟ್ಸ್ ಎಂಬ ಅನುಪಾತವೇ 230 ವೋಲ್ಟಿಗೆ ಸುಮಾರು 28 ಹರ್ಟ್ಸ್ ಆಗುತ್ತದೆ, ಆದ್ದರಿಂದ ಆ ವೇಗದವರೆಗೆ ಮೋಟರಿಗೆ ಪೂರ್ತಿ ಟಾರ್ಕ್ ಬರಬೇಕು. ಬೆಲ್ಟನ್ನು ಬದಲಿಸಬೇಡಿ, ಸ್ಪಿಂಡಲ್ ಅರ್ಧ ವೇಗದಲ್ಲಿ ತಿರುಗುತ್ತದೆ, ಫೀಡನ್ನೂ ಅರ್ಧಕ್ಕೆ ಇಳಿಸಿ, ಅದೇ 2 ಮಿ.ಮೀ. ಕಟ್ ಕೊಟ್ಟು ನೋಡಿ.

ಪ್ರಶ್ನೆ ಕೇಳಿದವರು

ಕಟ್ ಹೋಯಿತು! ತುಂಡಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆಯೂ ಕುಗ್ಗಲಿಲ್ಲ. ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಇನ್ನು ಪೂರ್ತಿ ವೇಗದಲ್ಲಿ ಹೀಗೆಯೇ ಎಳೆಯಬೇಕಾದರೆ ಏನು ಮಾಡಬೇಕು?

ಉತ್ತರ (ರಾಜಾಜಿನಗರ)

ಡೆಲ್ಟಾ ಮಾಡಬೇಕು, ಅಂದರೆ ಮೂರು ಸುರುಳಿಗಳನ್ನು ತುದಿಗೆ ತುದಿ ಸೇರಿಸಿ ತ್ರಿಕೋನದಂತೆ ಜೋಡಿಸಬೇಕು. ಸ್ಟಾರ್‌ನಲ್ಲಿ 415 ಪಡೆಯುವ ಮೋಟರಿನ ಒಂದೊಂದು ಸುರುಳಿಗೂ ಸಿಗುವುದು 240 ವೋಲ್ಟ್, ಹಾಗಾಗಿ ಅದೇ ಸುರುಳಿಗಳನ್ನು ಡೆಲ್ಟಾ ಜೋಡಿಸಿದರೆ 230 ವೋಲ್ಟಿನಲ್ಲಿ ಅವಕ್ಕೆ ಕೊರತೆಯಾಗುವುದಿಲ್ಲ. ಆರು ವೈರುಗಳು ಹೊರಗೆ ಬಂದಿದ್ದರೆ ಮೂರು ಪಟ್ಟಿಗಳನ್ನು ತಿರುಗಿಸಿ ಹಾಕುವ ಐದು ನಿಮಿಷದ ಕೆಲಸವಿದು. ನಿಮ್ಮದರಲ್ಲಿ ಸ್ಟಾರ್ ಗಂಟು ವೈಂಡಿಂಗಿನ ಒಳಗೇ ಹುದುಗಿದೆ, ಅದನ್ನು ಹುಡುಕಿ ತೆಗೆಯಬೇಕು.

ಮೋಟರಿನ ಮುಚ್ಚಳ ತೆಗೆದು, ಸುರುಳಿಗಳು ಸ್ಲಾಟಿನಿಂದ ಹೊರಬಂದು ಬಾಗುವ ಕಡೆ ಬೆರಳಾಡಿಸಿ. ದಾರದ ಕಟ್ಟಿನ ಕೆಳಗೆ ಒಂದೆಡೆ ಕಡಲೆಕಾಯಿಯಷ್ಟು ಉಬ್ಬು ಸಿಗುತ್ತದೆ. ವೈಂಡಿಂಗಿನ ಮೂರು ತುದಿಗಳು ಒಟ್ಟಿಗೆ ಸೇರಿ ಸ್ಲೀವಿನೊಳಗೆ ಹೋಗಿರುವುದು ಅಲ್ಲಿಯೇ. ಹಳೆಯ ವಾರ್ನಿಷ್ ಗಾಜಿನಂತೆ ಗಡುಸಾಗಿರುತ್ತದೆ, ಹೇರ್ ಡ್ರೈಯರಿನಿಂದ ನಿಧಾನವಾಗಿ ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ದಯವಿಟ್ಟು ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಪಕ್ಕದ ತಂತಿಯ ಎನಾಮೆಲ್ ಒಂದು ಚೂರು ಹೋದರೂ ಆ ರಿಪೇರಿಯವರ ಮಾತೇ ನಿಜವಾಗುತ್ತದೆ. ಗಂಟನ್ನು ಬಿಡಿಸಿ ಮೂರು ತುದಿಗಳಿಗೆ ಹೊಸ ವೈರು ಬೆಸೆದು, ಫೈಬರ್ ಗ್ಲಾಸ್ ಸ್ಲೀವ್ ಹಾಕಿ, ದಾರದಿಂದ ಮತ್ತೆ ಕಟ್ಟಿ, ವಾರ್ನಿಷ್ ಬಳಿದು ಪೂರ್ತಿ ಒಣಗಲು ಬಿಡಿ. ಯಾವ ತುದಿ ಯಾವ ಸುರುಳಿಯದೆಂದು ಮೀಟರಿನಿಂದ ಗುರುತಿಸಿ ಚೀಟಿ ಕಟ್ಟಿ: ಸುರುಳಿಗಳು ಯು, ವಿ, ಡಬ್ಲ್ಯು; ಮೊದಲೇ ಹೊರಗಿದ್ದ ತುದಿ 1, ಗಂಟಿನಿಂದ ಬಿಡಿಸಿದ ತುದಿ 2. ಆಮೇಲೆ ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2 ಸೇರಿಸಿ. ಸರಿಯಾಗಿದ್ದರೆ ಈಗಿನ 9.4 ಓಮ್ ಮೂರರಲ್ಲೊಂದು ಭಾಗಕ್ಕೆ, ಅಂದರೆ 3.1ರ ಆಸುಪಾಸಿಗೆ ಇಳಿಯಬೇಕು. ಕೊನೆಗೆ ಬೇಸ್ ಫ್ರೀಕ್ವೆನ್ಸಿಯನ್ನು ಮರಳಿ 50ಕ್ಕೆ ತಂದು, ಮೋಟರಿನ ಕರೆಂಟನ್ನು 5.9 ಆಂಪಿಯರ್ ಎಂದು ನಮೂದಿಸಿ.

ಉತ್ತರ (ಯಲಹಂಕ)

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಮಷಿನ್ನಿನ ಹಳೆಯ ಫಾರ್ವರ್ಡ್-ರಿವರ್ಸ್ ಸ್ವಿಚ್ಚು ವಿಎಫ್‌ಡಿಗೂ ಮೋಟರಿಗೂ ನಡುವೆ ಇನ್ನೂ ಇದ್ದರೆ ಇವತ್ತೇ ತೆಗೆದುಬಿಡಿ. ಓಡುತ್ತಿರುವಾಗ ಅದನ್ನು ತಿರುಗಿಸಿದರೆ ವಿಎಫ್‌ಡಿ ಸುಡಬಹುದು. ಅದನ್ನೇ ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್ಲಿಗೆ ಕೊಟ್ಟರೆ ಹಳೆಯ ಹಿಡಿಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಕರೆಂಟು ಹೋಗಿ ಬಂದಾಗ ಸ್ಪಿಂಡಲ್ ತಾನಾಗಿಯೇ ತಿರುಗಲು ತೊಡಗದಂತೆ ಸೆಟ್ಟಿಂಗ್ ಮಾಡಿ, ಕೈಯಾರೆ ಮೇನ್ ಆಫ್-ಆನ್ ಮಾಡಿ ಪರೀಕ್ಷಿಸಿ. ಮನೆಯಲ್ಲಿ ಮಕ್ಕಳಿದ್ದರಂತೂ ಇದನ್ನು ಮಾಡದೆ ಮಷಿನ್ ಮುಟ್ಟಬೇಡಿ.

0.55ರ ವಿಷಯಕ್ಕೆ ಬಂದರೆ, ಅದೆಲ್ಲವೂ ಟೇಬಲನ್ನು ಸರಿಸುವ ಲೀಡ್ ಸ್ಕ್ರೂವಿನ ನಟ್ಟಿನ ಸವೆತ ಎಂದುಕೊಂಡು ಹೊಸ ನಟ್ ಮಾಡಿಸಲು ಹೊರಡಬೇಡಿ. ಡಯಲ್ ಗೇಜಿನ ಮೊನೆಯನ್ನು ಲೀಡ್ ಸ್ಕ್ರೂವಿನ ತುದಿಗೆ ತಾಗಿಸಿ, ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಟೇಬಲ್ಲಿನ ಮೇಲೆಯೇ ಕೂರಿಸಿ, ಹ್ಯಾಂಡಲನ್ನು ಹಿಂದೆ ಮುಂದೆ ತಿರುಗಿಸಿ. ಮುಳ್ಳು ಆಡಿದರೆ ಅಷ್ಟು ಆಟ ತುದಿಯ ಬ್ರ್ಯಾಕೆಟ್ಟಿನ ಬೇರಿಂಗಿನದು; ಉಳಿದದ್ದು ಮಾತ್ರ ನಟ್ಟಿನದು. ಬೇರಿಂಗಿನ ಆಟವನ್ನು ಹ್ಯಾಂಡಲ್ ಹಿಂದಿನ ಲಾಕ್ ನಟ್ ಬಿಗಿದು ಕಳೆಯಬಹುದು.

ಪ್ರಶ್ನೆ ಕೇಳಿದವರು

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಗಂಟು ವೈರು ಹೊರಬರುವ ಕಡೆಯೇ ಸಿಕ್ಕಿತು. ಬಿಡಿಸುವುದಕ್ಕೆ ಒಂದು ಇಡೀ ಭಾನುವಾರ ಹೋಯಿತು. ಡೆಲ್ಟಾ ಜೋಡಿಸಿದ ಮೇಲೆ ಮೀಟರಿನಲ್ಲಿ 3.1, 3.1, 3.2 ಬಂದಾಗ ಆದ ಸಂತೋಷವನ್ನು ಹೇಳಲಾರೆ. ವಾರ್ನಿಷ್ ಒಣಗಿದ ಮೇಲೆ ಪರಿಚಯದ ಎಲೆಕ್ಟ್ರೀಷಿಯನ್ ಒಬ್ಬರು 500 ವೋಲ್ಟಿನ ಮೆಗ್ಗರ್ ತಂದು ಇನ್ಸುಲೇಷನ್ ಸರಿಯಿದೆಯೆಂದು ನೋಡಿಕೊಟ್ಟರು. ಈಗ 50 ಹರ್ಟ್ಸ್‌ನಲ್ಲಿ 2 ಮಿ.ಮೀ. ಕಟ್ ಮೊದಲಿನಂತೆಯೇ ಹೋಗುತ್ತಿದೆ, ಮೋಟರಿಗೆ ಅರ್ಧ ಗಂಟೆಯ ನಂತರವೂ ಅಂಗೈ ಇಡಬಹುದು. ಹಳೆಯ ಸ್ವಿಚ್ಚನ್ನು ಕಂಟ್ರೋಲಿಗೆ ಕೊಟ್ಟಾಗಿದೆ.

ಡಯಲ್ ಇಟ್ಟು ನೋಡಿದರೆ 0.55ರಲ್ಲಿ 0.30 ಬೇರಿಂಗಿನದೇ ಆಗಿತ್ತು. ಲಾಕ್ ನಟ್ ಬಿಗಿದ ಮೇಲೆ ಅಲ್ಲಿ 0.02 ಉಳಿದಿದೆ. ನಟ್ಟಿನ 0.25 ಟೇಬಲ್ಲಿನ ನಡುಭಾಗದಲ್ಲಷ್ಟೇ ಇದೆ, ತುದಿಗಳಲ್ಲಿ 0.10, ಅಂದರೆ ಸ್ಕ್ರೂವೇ ನಡುವೆ ಸವೆದಿದೆ. ನಟ್ಟನ್ನು ನಡುಭಾಗಕ್ಕೆ ಸರಿಹೊಂದಿಸಿದರೆ ತುದಿಯಲ್ಲಿ ಸಿಕ್ಕಿಕೊಳ್ಳುವುದು ಖಂಡಿತವಾದ್ದರಿಂದ ಅದನ್ನು ಹಾಗೆಯೇ ಬಿಟ್ಟು, ಫೀಡನ್ನು ಕಟರಿನ ತಿರುಗುವಿಕೆಗೆ ಎದುರಾಗಿಯೇ ಕೊಡುತ್ತಿದ್ದೇನೆ. ಸಿಲಿಂಡರಿನ ಬೀಡನ್ನು ನಿನ್ನೆ ಸಂಜೆ ವೈಸಿಗೆ ಕಟ್ಟಿ ಮೊದಲ ಮುಖವನ್ನು ಸಮತಟ್ಟು ಮಾಡಿದೆ.