ಪುಟ್ಟೀ, ಅಕ್ವೇರಿಯಂ ನೀರನ್ನು ಚೆಲ್ಲಬೇಡ

ಪುಟ್ಟೀ, ನೀನು ನಿನ್ನೆ ರಾತ್ರಿ ಗುಂಪಿಗೆ ಹಾಕಿದ ಫೋಟೊವನ್ನು ಈಗ ಕಾಫಿ ಕುಡಿಯುತ್ತಾ ನೋಡಿದೆ. ಟೈಪು ಮಾಡಲು ನನ್ನ ಕಣ್ಣು ಒಪ್ಪುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತೇನೆ, ಉದ್ದವಾದರೂ ಕೊನೆಯವರೆಗೆ ಕೇಳು. ಹೋದ ವಾರ ಗಿಡ ನೆಟ್ಟು, ಅದೇ ದಿನ ಮೀನನ್ನೂ ಬಿಟ್ಟ ಎರಡಡಿಯ ಅಕ್ವೇರಿಯಂನಲ್ಲಿ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದೆ, ಗಿಡದ ಎಲೆಗಳು ಕರಗಿ ಲೋಳೆಯಾಗುತ್ತಿವೆ, ಎಲ್ಲ ನೀರನ್ನೂ ಚೆಲ್ಲಿ ಮರಳು, ಫಿಲ್ಟರ್ ಎಲ್ಲವನ್ನೂ ತೊಳೆದು ಹೊಸದಾಗಿ ತುಂಬಿಸೋಣ ಎಂದು ತಾತ ಹೇಳುತ್ತಿದ್ದಾರೆ, ಮಾಡಲೇ ಎಂದು ಕೇಳಿದ್ದೀಯೆ. ಬೇಡ. ಎಲ್ಲ ನೀರನ್ನೂ ಒಟ್ಟಿಗೆ ಚೆಲ್ಲಬೇಡ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಲೇಬೇಡ. ನಿನ್ನ ತಾತ, ಅಂದರೆ ನನ್ನ ಭಾವನವರೂ ಈ ಗುಂಪಿನಲ್ಲಿದ್ದಾರೆ ಎಂದು ನನಗೆ ಗೊತ್ತು. ಅವರು ಬೇಸರ ಮಾಡಿಕೊಳ್ಳಬಾರದು, ಆದರೆ ಈ ಮಾತನ್ನು ಅವರ ಎದುರಿಗೇ ಹೇಳಬೇಕಾಗಿದೆ.

ನಮ್ಮ ಕುವೆಂಪುನಗರದ ಮನೆಯ ಹಾಲಿನಲ್ಲಿ, ಟೆಲಿಫೋನ್ ಸ್ಟ್ಯಾಂಡಿನ ಪಕ್ಕದಲ್ಲಿದ್ದ ದೊಡ್ಡ ಅಕ್ವೇರಿಯಂ ನಿಮಗೆಲ್ಲ ನೆನಪಿರಬೇಕು. ನಿನ್ನ ಅಮ್ಮ ಆಗ ಕಾಲೇಜಿಗೆ ನಮ್ಮ ಮನೆಯಿಂದಲೇ ಹೋಗುತ್ತಿದ್ದಳು, ಬೇಕಿದ್ದರೆ ಅವಳನ್ನೇ ಕೇಳು. ಅದರ ಹಿಂಬದಿಗೆ ನೆಟ್ಟಿದ್ದ ವ್ಯಾಲಿಸ್ನೇರಿಯ ನೀರಿನ ಮೇಲ್ಮೈಯವರೆಗೂ ಬೆಳೆದು ಅಲ್ಲಿ ಬಾಗಿ ಮಲಗುತ್ತಿತ್ತು, ನಡುವೆ ಇದ್ದ ಅಮೆಜಾನ್ ಸ್ವೋರ್ಡ್‌ನ ಅಗಲವಾದ ಎಲೆಯ ಮೇಲೆ ಏಂಜೆಲ್ ಮೀನಿನ ಜೋಡಿ ಸಾಲಾಗಿ ಮೊಟ್ಟೆಯಿಟ್ಟು ರೆಕ್ಕೆಯಿಂದ ಗಾಳಿ ಬೀಸುತ್ತಾ ಕಾವಲು ಕಾಯುತ್ತಿತ್ತು. ನಾವು ಶಿವಮೊಗ್ಗದ ಮದುವೆಗೆ ಹೊರಟಾಗ ಮನೆ ನೋಡಿಕೊಳ್ಳುವುದಕ್ಕೆಂದು ಅಕ್ಕ, ಭಾವ ಬಂದಿದ್ದರು. ಭಾವನವರಿಗೆ ಕೈಕಟ್ಟಿ ಕೂರುವುದು ಆಗುವುದಿಲ್ಲವೆಂಬುದು ನಮ್ಮವರೆಲ್ಲರಿಗೂ ಗೊತ್ತಿರುವ ವಿಷಯವೇ. ಸಂಪು ತೊಳೆದರು, ತಾರಸಿ ತೊಳೆದರು, ಆಮೇಲೆ ಅಕ್ವೇರಿಯಂನ ಮರಳಿನಲ್ಲಿ ಬಗ್ಗಡ ಕಂಡಿತಂತೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಮರಳನ್ನು ಹಿತ್ತಲಿನ ನಲ್ಲಿಯ ಕೆಳಗೆ ಐದಾರು ಸಲ ತೊಳೆದು, ಕಂದು ಬಣ್ಣಕ್ಕೆ ತಿರುಗಿದ್ದ ಸ್ಪಂಜನ್ನು ಬೆಳ್ಳಗಾಗುವವರೆಗೂ ಹಿಂಡಿ, ನಲ್ಲಿಯಲ್ಲಿ ಆಗ ತಾನೇ ಬಂದ, ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತಿದ್ದ ನೀರನ್ನು ಹಾಗೆಯೇ ತುಂಬಿಸಿದ್ದರು.

ನಾವು ಬಂದು ನೋಡಿದಾಗ ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ಮರುದಿನ ಬೆಳಿಗ್ಗೆ ಏಂಜೆಲ್ ಮೀನುಗಳು ರೆಕ್ಕೆ ಮಡಚಿಕೊಂಡು ಮೂಲೆಯಲ್ಲಿ ನಿಂತಿದ್ದವು, ಉಳಿದವು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು, ಬಸವನಹುಳುಗಳು ನೀರಿನಿಂದ ಮೇಲೆ ಹತ್ತಿ ಗಾಜಿನ ಒಣ ಅಂಚಿಗೆ ಕಚ್ಚಿಕೊಂಡಿದ್ದವು. ಆ ವಾರ ಮುಗಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಏಕೆಂದು ಕೇಳು. ಮೀನಿನ ಮಲದಿಂದ, ತಿನ್ನದೆ ಉಳಿದ ಆಹಾರದಿಂದ, ಕೊಳೆತ ಎಲೆಯಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಹೆಚ್ಚಾಗದಿದ್ದರೆ ಮೀನಿಗೆ ತೊಂದರೆಯಿಲ್ಲ, ಗಿಡಗಳಿಗಂತೂ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡು ಇರುವುದು ಬಹಳ ಕಡಿಮೆ, ಸ್ಪಂಜಿನ ರಂಧ್ರಗಳಲ್ಲಿ, ಮರಳಿನ ಕಣಗಳ ಮೇಲೆ ಅಂಟಿಕೊಂಡು ಬದುಕುತ್ತವೆ, ಮತ್ತು ತೀರ ನಿಧಾನವಾಗಿ ಬೆಳೆಯುತ್ತವೆ. ಹೊಸ ಅಕ್ವೇರಿಯಂನಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಭಾವನವರು ಬಗ್ಗಡವೆಂದು ಹಿಂಡಿ ಚೆಲ್ಲಿದ್ದು ಅವುಗಳನ್ನೇ. ಹಿಂಡಿದಾಗ ಉಳಿದುಕೊಂಡ ಅಷ್ಟಿಷ್ಟನ್ನು ಆ ನಲ್ಲಿ ನೀರಿನಲ್ಲಿದ್ದ ಕ್ಲೋರಿನ್ ಮುಗಿಸಿತು, ಮೀನಿನ ಕಿವಿರನ್ನೂ ಸುಟ್ಟಿತು. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಯಾರು ಏನೇ ಹೇಳಲಿ, ಎಲ್ಲ ನೀರನ್ನೂ ಒಟ್ಟಿಗೆ ಚೆಲ್ಲಬೇಡ, ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡ. ಅದು ಕಟ್ಟಿಕೊಂಡು ನೀರು ಹರಿಯುವುದೇ ನಿಧಾನವಾದರೆ, ಅಕ್ವೇರಿಯಂನಿಂದ ತೆಗೆದ ನೀರನ್ನೇ ಬಕೆಟ್ಟಿಗೆ ಹಾಕಿಕೊಂಡು ಅದರಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಸಾಕು.

ನನಗೆ ಈಗಲೂ ಸಂಕಟವಾಗುವುದು ಮೀನು ಸತ್ತದ್ದಕ್ಕಿಂತ ಆಮೇಲೆ ನೆಂಟರು ಆಡಿದ ಮಾತಿಗೆ. ಮನೆಗೆ ಬರಬೇಕಾಗಿದ್ದ ಗಂಡಾಂತರವನ್ನು ಮೀನುಗಳು ಹೊತ್ತುಕೊಂಡು ಹೋದವು, ಒಳ್ಳೆಯದೇ ಆಯಿತು ಎಂದರು. ಯಾರ ಮನೆಯಲ್ಲಿ ಮೀನು ಸತ್ತರೂ ಇದೇ ಮಾತು. ಗಂಡಾಂತರ ಹೋಯಿತೆಂದು ಸಮಾಧಾನ ಮಾಡಿಕೊಂಡವರು ನೀರಿಗೆ ಏನಾಗಿತ್ತೆಂದು ಯಾಕೆ ನೋಡುತ್ತಾರೆ, ಮತ್ತೆ ಅದೇ ಅಂಗಡಿಗೆ ಹೋಗಿ ಅದೇ ಮೀನನ್ನು ತಂದು ಅದೇ ನೀರಿಗೆ ಬಿಡುತ್ತಾರೆ. ಅಂಗಡಿಯವರಿಗೂ ಅದೇ ಬೇಕು. ಗಾಜಿನ ಪೆಟ್ಟಿಗೆ, ಬಣ್ಣದ ಕಲ್ಲು, ಗಿಡ, ಮೀನು ಎಲ್ಲವನ್ನೂ ಒಂದೇ ದಿನ ಒಂದೇ ಬಿಲ್ಲಿನಲ್ಲಿ ಕಟ್ಟಿಕೊಡುವ ಅಂಗಡಿಯವನು, ಒಂದು ತಿಂಗಳು ಬಿಟ್ಟು ಮೀನಿಗೆ ಬನ್ನಿ ಎಂದು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಇನ್ನು ನಮ್ಮವರಲ್ಲೇ ಒಬ್ಬರ ಗೃಹಪ್ರವೇಶದಲ್ಲಿ ತಾಂಬೂಲದ ಜೊತೆಗೆ ಅಂಗೈಯಗಲದ ಗಾಜಿನ ಬಟ್ಟಲಿನಲ್ಲಿ ಒಂದೊಂದು ಗೋಲ್ಡ್ ಫಿಶ್ ಹಂಚಿದರಲ್ಲ, ಯಾರ ಮನೆಯದೆಂದು ಹೇಳುವುದಿಲ್ಲ, ಅವರೂ ಈ ಗುಂಪಿನಲ್ಲಿದ್ದಾರೆ. ಸರಿಯಾಗಿ ಸಾಕಿದರೆ ಹತ್ತು ವರ್ಷಕ್ಕೂ ಮೇಲೆ ಬದುಕಿ ಗೇಣುದ್ದಕ್ಕೆ ಬೆಳೆಯುವ ಮೀನು ಅದು. ಬಟ್ಟಲಿನಲ್ಲಿ ಎಷ್ಟು ದಿನ ಬಾಳೀತು? ಅಂದು ನಾನು ಬಾಯಿಬಿಟ್ಟು ಹೇಳಿದ್ದಕ್ಕೆ, ಶುಭಕಾರ್ಯದಲ್ಲಿ ಇಂಥ ಮಾತು ಬೇಡವೆಂದು ನನ್ನನ್ನೇ ಸುಮ್ಮನಾಗಿಸಿದರು. ವಿಡಿಯೊ ನೋಡಿ ಎಲ್ಲವನ್ನೂ ಕೊಂಡು ತಂದಮೇಲೆ ಮಾತ್ರ ನನ್ನ ಜ್ಞಾಪಕ ಬರುತ್ತದೆ. ನೀನಾದರೂ ತರುವ ಮೊದಲು ಒಂದು ಮಾತು ಕೇಳಬಾರದಿತ್ತೇ?

ಇರಲಿ, ನೀನು ಕೇಳಿದ್ದಕ್ಕೆ ಬರುತ್ತೇನೆ. ಆ ಬಿಳಿ ಬಣ್ಣವೂ ಬ್ಯಾಕ್ಟೀರಿಯಾವೇ, ಉಳಿದ ಆಹಾರವನ್ನು ತಿಂದು ಒಮ್ಮೆಲೇ ಹೆಚ್ಚಾಗಿ ನೀರಿನಲ್ಲೇ ತೇಲುವ ಬೇರೆ ಜಾತಿಯದು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ, ನೀರನ್ನೆಲ್ಲ ಚೆಲ್ಲಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅವು ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ, ಕತ್ತಲಾದ ಮೇಲೆ ಗಿಡಗಳೂ ಎಳೆದುಕೊಳ್ಳುತ್ತವೆ, ಆದ್ದರಿಂದ ಶಬ್ದ ಬರುತ್ತದೆಂದು ರಾತ್ರಿ ಏರ್ ಪಂಪನ್ನು ಆರಿಸಬಾರದು. ಎರಡು ದಿನ ಆಹಾರ ಹಾಕಬೇಡ, ಮೀನು ಹಸಿವಿನಿಂದ ಸಾಯುವುದಿಲ್ಲ. ಅಮೋನಿಯಾ ಟೆಸ್ಟ್ ಕಿಟ್ ತರಿಸಿಕೋ. ಅಮೋನಿಯಾ ಕಂಡ ದಿನ ಕಾಲು ಭಾಗ ನೀರನ್ನು, ನಿನ್ನ ಟ್ಯಾಂಕಿಗೆ ಸುಮಾರು ಒಂದು ಬಕೆಟ್ಟು, ಬದಲಾಯಿಸು. ಮೊದಲು ಯಾವ ನೀರು ತುಂಬಿಸಿದ್ದೀಯೋ ಅದನ್ನೇ ಹಾಕು, ನಲ್ಲಿಯದಾದರೆ ಕ್ಲೋರಿನ್ ಕಳೆಯುವ ಆಂಟಿಕ್ಲೋರಿನ್ ಹಾಕಬೇಕು, ಇಲ್ಲವೇ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಬೇಕು. ಬೋರ್‌ವೆಲ್ ನೀರು ಹಾಕಿದ್ದರೆ ಇನ್ನೂ ಎಚ್ಚರವಿರಲಿ. ನಿಮ್ಮ ಮನೆಯ ಬಕೆಟ್ಟುಗಳಿಗೆಲ್ಲ ಬಿಳಿಯ ಪೊರೆ ಕಟ್ಟಿರುವುದನ್ನು ನೋಡಿದ್ದೇನೆ, ಕ್ಷಾರ ಹೆಚ್ಚಿರುವ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚು.

ಎಲೆ ಕರಗುತ್ತಿರುವುದು ಕ್ರಿಪ್ಟೊಕೊರೈನ್ ಗಿಡದ್ದು ಎಂದು ಫೋಟೊದಲ್ಲಿ ಕಾಣುತ್ತದೆ. ನರ್ಸರಿಯಲ್ಲಿ ಅದನ್ನು ಬಹುಮಟ್ಟಿಗೆ ನೀರಿನಿಂದ ಹೊರಗೇ ಬೆಳೆಸುತ್ತಾರೆ. ಮುಳುಗಿಸಿದ ಮೇಲೆ ಹಳೆಯ ಎಲೆ ಕರಗಿ ಬೇರಿನಿಂದ ಹೊಸ ಎಲೆ ಬರುತ್ತದೆ. ಕೊಳೆತ ಎಲೆಯನ್ನು ಮಾತ್ರ ಕತ್ತರಿಸಿ ತೆಗೆ, ಬೇರನ್ನು ಕೀಳಬೇಡ. ಮುಂದೆ ನೆಟ್ಟಿರುವ ಅನುಬಿಯಾಸ್‌ನ ದಪ್ಪ ಕಾಂಡ ಮರಳಿನಲ್ಲಿ ಹೂತಿದೆ, ಅದು ಕೊಳೆಯುತ್ತದೆ. ಎತ್ತಿ ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟು. ಲೈಟು ದಿನಕ್ಕೆ 6 ಗಂಟೆ ಸಾಕು, ಹೆಚ್ಚಾದರೆ ಪಾಚಿ ಬರುತ್ತದೆ.

ಅಯ್ಯೋ, ಮೊದಲು ಹೇಳಬೇಕಾದದ್ದನ್ನೇ ಮರೆತೆ. ನನ್ನ ಈಗಿನ ಅಕ್ವೇರಿಯಂನ ಫಿಲ್ಟರಿನಲ್ಲಿ ಎರಡು ಸ್ಪಂಜುಗಳಿವೆ, ಅದರಲ್ಲಿ ಒಂದನ್ನು ನಿನಗೆ ಕೊಡುತ್ತೇನೆ. ಅದನ್ನು ನಿನ್ನ ಫಿಲ್ಟರಿನೊಳಗೆ ತುರುಕಿದರೆ ಬೇಕಾದ ಬ್ಯಾಕ್ಟೀರಿಯಾ ತಯಾರಾಗಿಯೇ ಬಂದ ಹಾಗೆ, ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ನಿನ್ನ ಅಪ್ಪ ಹೇಗೂ ದಿನಾ ಮೈಸೂರಿಗೆ ಬರುತ್ತಾರೆ, ಸಂಜೆ ರೈಲಿಗೆ ಹೋಗುವ ಮೊದಲು ಮನೆಗೆ ಬರಲಿ, ಅಗಲವಾದ ಡಬ್ಬಿಯಲ್ಲಿ ನನ್ನ ಅಕ್ವೇರಿಯಂ ನೀರಿನಲ್ಲೇ ಮುಳುಗಿಸಿಟ್ಟಿರುತ್ತೇನೆ. ಅದು ಒಣಗಬಾರದು, ಬಿಸಿಲಿಗೆ ಬೀಳಬಾರದು, ಮನೆ ತಲುಪಿದ ಕೂಡಲೇ ಫಿಲ್ಟರಿಗೆ ಹಾಕಬೇಕು. ಕಂದು ಬಣ್ಣಕ್ಕಿದೆಯೆಂದು ತಾತ ಅದನ್ನು ತೊಳೆಯುವುದಕ್ಕೆ ತೆಗೆದುಕೊಂಡು ಹೋಗದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ.